ಕೊಲೆಗಾರನ ಕಥೆ ಕೇಳಿ ‘ಪಾಪ’ ಅನ್ನಬಹುದೇ?

ಓದುಗರ ಪ್ರಶ್ನೆ: ಹೋದ ತಿಂಗಳು ನಾನೂ ಅಮ್ಮನೂ ಕೂತು 1974ರ ಜಪಾನಿ ಸಿನಿಮಾ ‘ಸುನಾ ನೊ ಉತ್ಸುವಾ’ ನೋಡಿದೆವು. ಪತ್ತೇದಾರಿ ಕಥೆ ಅಂದುಕೊಂಡು ಶುರು ಮಾಡಿದ್ದು. ಕೊನೆಯಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಾ ‘ಪಾಪ, ಆ ಹುಡುಗ’ ಅಂದರು. ಆ ಹುಡುಗನೇ ಅಲ್ವಾ ದೊಡ್ಡವನಾಗಿ ಕೊಲೆ ಮಾಡಿದ್ದು? ಅದೂ ತನ್ನನ್ನು ಕಾಪಾಡಿದವರನ್ನೇ ಕೊಂದದ್ದು? ನನಗೆ ಸಿಟ್ಟು ಬಂತು. ಆಮೇಲೆ ಕಾದಂಬರಿಯನ್ನೂ ಇಂಗ್ಲಿಷಿನಲ್ಲಿ ಓದಿದೆ. ಅದರಲ್ಲಿ ಅಳು ಬರಲೇ ಇಲ್ಲ. ಜಪಾನಿನ ಇಂಥ ಕಥೆಗಳು ಕೊಲೆಗಾರನನ್ನು ಕ್ಷಮಿಸಿಬಿಡುತ್ತವಾ? ತಪ್ಪು ಯಾರದು ಅನ್ನುತ್ತವೆ?

ಉತ್ತರ: ಮೊದಲು ನಿಮ್ಮ ಅಮ್ಮ ಆಡಿದ ಮಾತನ್ನೇ ಹಿಡಿದುಕೊಳ್ಳುತ್ತೇನೆ. ಕನ್ನಡದಲ್ಲಿ ‘ಪಾಪ’ಕ್ಕೆ ಎರಡು ಅರ್ಥ. ಮಾಡಬಾರದ್ದನ್ನು ಮಾಡಿದರೆ ಪಾಪ. ಕಷ್ಟದಲ್ಲಿರುವವರನ್ನು ಕಂಡರೆ ಬಾಯಿಂದ ತಾನೇ ಬರುವ ಮಾತೂ ‘ಪಾಪ’. ಜಪಾನಿ ಭಾಷೆಯಲ್ಲಿ ‘ತ್ಸುಮಿ’ ಅಂತ ಒಂದು ಶಬ್ದವಿದೆ. ಕಾನೂನು ಹೇಳುವ ಅಪರಾಧಕ್ಕೂ ಅದೇ, ಮನಸ್ಸಾಕ್ಷಿ ಹೇಳುವ ಪಾಪಕ್ಕೂ ಅದೇ. ಈ ಕಥೆ ಆ ಎರಡರ ನಡುವೆ ಓಡಾಡುತ್ತದೆ. ಅಮ್ಮ ಹುಡುಗನನ್ನು ನೋಡಿ ಅಂದರು, ನೀವು ಕೊಲೆಯನ್ನು ನೋಡಿ ಸಿಟ್ಟಾದಿರಿ. ಇಬ್ಬರೂ ಕಥೆಯನ್ನು ಸರಿಯಾಗಿಯೇ ನೋಡಿದ್ದೀರಿ ಅಂತ ನನ್ನ ಅನಿಸಿಕೆ.

ಸಿನಿಮಾ ನೋಡದ ಓದುಗರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. ಗುಟ್ಟೆಲ್ಲ ಬಿಚ್ಚಿಟ್ಟೇ ಹೇಳುತ್ತೇನೆ, ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಾಗುವುದಿಲ್ಲ. ಮುಂದೆ ಓದಬೇಕು ಅಂತ ಇಟ್ಟುಕೊಂಡವರು ಇಲ್ಲೇ ನಿಲ್ಲಿಸಿ, ಕಥೆ ಮುಗಿಸಿ ಬನ್ನಿ.

ಸೇಚೊ ಮತ್ಸುಮೊಟೊ ಈ ಕಾದಂಬರಿಯನ್ನು 1960ರ ಮೇ ತಿಂಗಳಿಂದ 1961ರ ಏಪ್ರಿಲ್‌ವರೆಗೆ ‘ಯೊಮಿಯುರಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು. ಹೆಸರಿನ ಅರ್ಥ ‘ಮರಳಿನ ಪಾತ್ರೆ’. ಟೋಕಿಯೊದ ಕಮಾತಾ ರೈಲ್ವೆ ಯಾರ್ಡಿನಲ್ಲಿ ಬೆಳಗಿನ ಜಾವ ಒಂದು ಹೆಣ ಸಿಗುತ್ತದೆ. ಗುರುತು ಸಿಗದ ಹಾಗೆ ಮುಖವನ್ನು ಜಜ್ಜಿದ್ದಾರೆ. ಜೇಬಿನಲ್ಲಿ ಏನೂ ಇಲ್ಲ. ಹಿಂದಿನ ರಾತ್ರಿ ಆ ಮನುಷ್ಯ ಸ್ಟೇಷನ್ ಹತ್ತಿರದ ಅಗ್ಗದ ಬಾರ್ ಒಂದರಲ್ಲಿ ಒಬ್ಬ ಯುವಕನ ಜೊತೆ ಕೂತು ಮಾತಾಡಿದ್ದ. ಬಾರಿನವರಿಗೆ ನೆನಪಿರುವುದು ಎರಡೇ ವಿಷಯ. ಒಂದು, ಅವರ ಮಾತಿನಲ್ಲಿ ‘ಕಮೆದಾ’ ಅಂತ ಏನೋ ಬರುತ್ತಿತ್ತು. ಇನ್ನೊಂದು, ವಯಸ್ಸಾದವನ ಮಾತಿನ ಧಾಟಿ ಈಶಾನ್ಯ ಜಪಾನಿನ ಹಳ್ಳಿಯವರ ಹಾಗಿತ್ತು.

ಈ ಸುಳಿವಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು ಅನಿಸುತ್ತದೆ. ಇಷ್ಟು ಚೆಂದದ ಸುಳಿವು ಪತ್ತೇದಾರಿ ಸಾಹಿತ್ಯದಲ್ಲಿ ಸಿಗುವುದು ಅಪರೂಪ. ಜಪಾನಿನ ಈಶಾನ್ಯ ಭಾಗದ ಮಾತಿಗೆ ‘ಜೂಜೂ’ ಮಾತು ಅನ್ನುತ್ತಾರೆ. ಅಲ್ಲಿ ‘ಶಿ’ ಮತ್ತು ‘ಸು’ ಎರಡೂ ಒಂದೇ ಥರ ಕೇಳುತ್ತವೆ. ತಿನ್ನುವ ಸುಶಿ, ಒಲೆಯ ಮೇಲಿನ ಮಸಿಗೆ ಅನ್ನುವ ಸುಸು, ಸಿಂಹಕ್ಕೆ ಅನ್ನುವ ಶಿಶಿ, ಮೂರೂ ಕಿವಿಗೆ ಒಂದೇ. ಹಾಗಾಗಿ ಪೊಲೀಸರು ಅಕಿತಾ ಪ್ರಾಂತ್ಯದ ಕಮೆದಾ ಅನ್ನುವ ಊರಿಗೆ ಹೋಗಿ ಹುಡುಕುತ್ತಾರೆ. ಏನೂ ಸಿಗುವುದಿಲ್ಲ. ಕೊನೆಗೆ ಸತ್ತವನು ಒಕಾಯಾಮಾ ಪ್ರಾಂತ್ಯದ ಒಬ್ಬ ಅಂಗಡಿಯವನು, ಹೆಸರು ಮಿಕಿ ಕೆನಿಚಿ ಅಂತ ಗೊತ್ತಾಗುತ್ತದೆ. ಅವನಿಗೂ ಈಶಾನ್ಯಕ್ಕೂ ಯಾವ ಸಂಬಂಧವೂ ಇಲ್ಲ. ದಿಕ್ಕೇ ಬೇರೆ.

ಆಗ ಪತ್ತೇದಾರ ಇಮಾನಿಶಿ ಭಾಷಾ ಸಂಶೋಧನಾ ಸಂಸ್ಥೆಗೆ ಹೋಗುತ್ತಾನೆ. ಅಲ್ಲಿಯ ವಿದ್ವಾಂಸರು ಒಂದು ನಕ್ಷೆ ತೋರಿಸುತ್ತಾರೆ. ಅದೇ ಜೂಜೂ ಧಾಟಿ ದೇಶದ ಪಶ್ಚಿಮದಲ್ಲಿ, ಇಜುಮೊ ಅನ್ನುವ ಸೀಮೆಯಲ್ಲೂ ಇದೆ! ಸುತ್ತಲೂ ಬೇರೆ ಥರದ ಮಾತು, ನಡುವೆ ಅದೊಂದು ದ್ವೀಪದ ಹಾಗೆ. ನಮ್ಮಲ್ಲಿ ಯಾರಾದರೂ ‘ಹಾಲು’ ಅನ್ನುವುದನ್ನು ‘ಆಲು’ ಅಂದರೆ ತಕ್ಷಣ ಮಂಡ್ಯದ ಕಡೆಯವರು ಅಂದುಬಿಡುತ್ತೇವೆ. ಕೋಲಾರದ ಕಡೆಯ ಹಳ್ಳಿಗಳಲ್ಲೂ ಹಾಗೆ ಅನ್ನುವವರಿದ್ದಾರೆ ಅನ್ನುವುದು ಆ ಕ್ಷಣಕ್ಕೆ ಹೊಳೆಯುವುದಿಲ್ಲ. ಇಮಾನಿಶಿಗೂ ಹಾಗೇ ಆಗಿತ್ತು. ಅವನು ಇಜುಮೊ ಇರುವ ಶಿಮಾನೆ ಪ್ರಾಂತ್ಯದ ನಕ್ಷೆ ತರಿಸಿ, ಬೆರಳಿಟ್ಟು ಊರಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋಗುತ್ತಾನೆ. ಬೆಟ್ಟಗಳ ನಡುವೆ ಒಂದು ಹೆಸರು ಕಾಣುತ್ತದೆ: ಕಮೆದಾಕೆ. ಬಾರಿನಲ್ಲಿ ಕೇಳಿದವರ ಕಿವಿಗೆ ಕೊನೆಯ ‘ಕೆ’ ಬಿದ್ದಿರಲಿಲ್ಲ, ಅಷ್ಟೇ.

ಕಮೆದಾಕೆ ನಿಜವಾದ ಊರು. ಕಿಸುಕಿ ಅನ್ನುವ ಸಣ್ಣ ರೈಲುಮಾರ್ಗದಲ್ಲಿ ಅದರ ಸ್ಟೇಷನ್ ಇದೆ. ಆ ಸೀಮೆ ಮಣಿಚೌಕಟ್ಟುಗಳಿಗೆ ಹೆಸರಾದದ್ದು, ಅಂದರೆ ಲೆಕ್ಕ ಮಾಡುವ ‘ಸೊರೊಬಾನ್’ ತಯಾರಿಕೆಗೆ. ಕಾದಂಬರಿಯಲ್ಲಿ ಇಮಾನಿಶಿ ಹೋಗಿ ಮಾತಾಡಿಸುವ ಹಿರಿಯರೊಬ್ಬರ ಕಸುಬೂ ಅದೇ. ಮಿಕಿ ಅಂಗಡಿ ಇಡುವ ಮೊದಲು ಇದೇ ಊರಿನಲ್ಲಿ ಪೊಲೀಸ್ ಆಗಿದ್ದ. ಊರಿನವರಿಗೆ ಅವನೆಂದರೆ ದೇವರ ಸಮಾನ. ಅವನನ್ನು ದ್ವೇಷಿಸುವವರು ಒಬ್ಬರೂ ಇಲ್ಲ. ಇಮಾನಿಶಿಗೆ ಇದರಿಂದ ಸಂತೋಷವಾಗುವುದಿಲ್ಲ, ಕೆಲಸ ಇನ್ನೂ ಕಷ್ಟವಾಯಿತಲ್ಲ ಅನಿಸುತ್ತದೆ. ಇಂಥವನನ್ನು ಯಾರಾದರೂ ಯಾಕೆ ಕೊಲ್ಲುತ್ತಾರೆ?

ಇಲ್ಲಿಗೆ ನಿಮ್ಮ ಸಿಟ್ಟಿನ ವಿಷಯಕ್ಕೆ ಬಂದೆವು.

1938ರಲ್ಲಿ ಚಿಯೊಕಿಚಿ ಅನ್ನುವ ಕುಷ್ಠರೋಗಿ ತನ್ನ ಏಳು ವರ್ಷದ ಮಗ ಹಿದೆಯೊನ ಜೊತೆ ಅಲೆಯುತ್ತಾ ಕಮೆದಾಕೆಗೆ ಬಂದಿದ್ದ. ಊರು ಬಿಟ್ಟು, ಭಿಕ್ಷೆ ಬೇಡುತ್ತಾ, ಎಲ್ಲೆಡೆ ಓಡಿಸಿಕೊಳ್ಳುತ್ತಾ ಬಂದವರು. ಮಿಕಿ ಅವರನ್ನು ಓಡಿಸಲಿಲ್ಲ. ತಂದೆಯನ್ನು ಒಕಾಯಾಮಾದ ಕುಷ್ಠರೋಗಿಗಳ ಆಸ್ಪತ್ರೆಗೆ ಸೇರಿಸಿದ, ಹುಡುಗನನ್ನು ತನ್ನ ಹತ್ತಿರ ಇಟ್ಟುಕೊಂಡ. ಸ್ವಲ್ಪ ದಿನಕ್ಕೆ ಹುಡುಗ ಓಡಿಹೋದ. ಮುಂದೆ ಅವನು ಒಸಾಕಾ ಸೇರಿದ. 1945ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಅಲ್ಲಿಯ ಒಂದು ಕಚೇರಿಯ ಕುಟುಂಬ ದಾಖಲೆಗಳೆಲ್ಲ ಸುಟ್ಟುಹೋದವು. ಯುದ್ಧ ಮುಗಿದ ಮೇಲೆ, ಸತ್ತುಹೋದ ದಂಪತಿಯೊಬ್ಬರ ಮಗ ತಾನು ಅಂತ ಬರೆಸಿ ಹೊಸ ದಾಖಲೆ ಮಾಡಿಸಿಕೊಂಡ. ವಾಗಾ ಏರ್ಯೊ ಅನ್ನುವ ಹೊಸ ಮನುಷ್ಯ ಹುಟ್ಟಿದ. ಕಥೆ ನಡೆಯುವ ಹೊತ್ತಿಗೆ ಅವನು ಹೆಸರಾಂತ ಸಂಗೀತಗಾರ, ಮಾಜಿ ಮಂತ್ರಿಯ ಮಗಳ ಜೊತೆ ಮದುವೆ ಗೊತ್ತಾಗಿದೆ. ಮಿಕಿ ಇಸೆ ಕ್ಷೇತ್ರಕ್ಕೆ ಯಾತ್ರೆ ಹೋದಾಗ ಅಲ್ಲಿಯ ಸಿನಿಮಾ ಮಂದಿರದಲ್ಲಿ ತೂಗುಹಾಕಿದ್ದ ಫೋಟೊದಲ್ಲಿ ಈ ಮುಖವನ್ನು ಕಾಣುತ್ತಾನೆ. ಗುರುತು ಹಿಡಿಯುತ್ತಾನೆ. ಊರಿಗೆ ಮರಳುವ ಬದಲು ಟೋಕಿಯೊ ರೈಲು ಹತ್ತುತ್ತಾನೆ.

ಅವನು ಹೆದರಿಸಲು ಹೋದವನಲ್ಲ. ದುಡ್ಡು ಕೇಳಲು ಹೋದವನೂ ಅಲ್ಲ. ಕಳೆದುಹೋದ ಹುಡುಗ ಬದುಕಿದ್ದಾನಲ್ಲ ಅನ್ನುವ ಖುಷಿಯಲ್ಲಿ ಹೋದವನು. ಆ ಖುಷಿಗೇ ಅವನು ಸತ್ತ. ನಿಮ್ಮ ಸಿಟ್ಟು ಇದೇ ಅಲ್ವಾ? ಅನ್ನ ಹಾಕಿದವನ ತಲೆಗೇ ಕಲ್ಲು. ಇದಕ್ಕೆ ಕ್ಷಮೆ ಕಾದಂಬರಿಯಲ್ಲೂ ಇಲ್ಲ, ಸಿನಿಮಾದಲ್ಲೂ ಇಲ್ಲ. ಸತ್ತವನನ್ನು ಕಥೆಯಲ್ಲೇ ಎಲ್ಲರಿಗಿಂತ ಒಳ್ಳೆಯವನನ್ನಾಗಿ ಮತ್ಸುಮೊಟೊ ಮಾಡಿರುವುದು ಸುಮ್ನೆ ಅಲ್ಲ. ಅವನು ಸ್ವಲ್ಪ ಕೆಟ್ಟವನಾಗಿದ್ದರೆ ನಾವು ಕೊಲೆಗಾರನ ಪರ ಒಂದು ಮಾತು ಆಡಿಬಿಡುತ್ತಿದ್ದೆವು. ಲೇಖಕ ನಮಗೆ ಆ ಅವಕಾಶ ಕೊಡುವುದಿಲ್ಲ.

ಹಾಗಾದರೆ ವಾಗಾ ಅಷ್ಟೊಂದು ಹೆದರಿದ್ದು ಯಾಕೆ? ಇದು ಅರ್ಥವಾಗಲು ಆ ಕಾಲದ ಜಪಾನನ್ನು ನೋಡಬೇಕು.

ಅಲ್ಲಿ ‘ಕೊಸೆಕಿ’ ಅಂತ ಕುಟುಂಬ ದಾಖಲೆ ಇದೆ. ಹುಟ್ಟು, ಮದುವೆ, ಸಾವು, ತಂದೆ ಯಾರು, ಮೂಲ ಊರು ಯಾವುದು, ಎಲ್ಲವೂ ಅದರಲ್ಲಿ. 1976ರಲ್ಲಿ ಕಾನೂನು ತಿದ್ದುವವರೆಗೆ ಬೇರೆಯವರ ದಾಖಲೆಯನ್ನೂ ಹೋಗಿ ನೋಡಬಹುದಿತ್ತು. ಸಂಬಂಧ ಬೆಳೆಸುವ ಮೊದಲು ಹುಡುಗನ ಮನೆತನದ ದಾಖಲೆ ತೆಗೆಸಿ ನೋಡುವುದು ಮಾಮೂಲಿಯಾಗಿತ್ತು. ‘ಆ ಮನೆಯಲ್ಲಿ ಯಾರಿಗೋ ಆ ರೋಗ ಇತ್ತಂತೆ’ ಅನ್ನುವ ಒಂದು ಮಾತಿಗೆ ಮದುವೆಗಳು ಮುರಿಯುತ್ತಿದ್ದವು. ಅಕ್ಕತಂಗಿಯರ ಬಾಳೂ ಹೋಗುತ್ತಿತ್ತು.

ಸರ್ಕಾರವೇ ಆ ಭಯವನ್ನು ಬೆಳೆಸಿತ್ತು. 1907ರಲ್ಲಿ ಮೊದಲ ಕಾನೂನು ಬಂತು, ಬೀದಿಯಲ್ಲಿ ಅಲೆಯುವ ರೋಗಿಗಳನ್ನು ಹಿಡಿದು ಸೇರಿಸುವುದಕ್ಕೆ. 1931ರಲ್ಲಿ ಎಲ್ಲ ರೋಗಿಗಳನ್ನೂ ಬೇರೆ ಇಡಬೇಕು ಅನ್ನುವ ಕಾನೂನು ಬಂತು. ‘ನಮ್ಮ ಪ್ರಾಂತ್ಯದಲ್ಲಿ ಒಬ್ಬ ಕುಷ್ಠರೋಗಿಯೂ ಇಲ್ಲ’ ಅನ್ನಿಸಿಕೊಳ್ಳಲು ಊರೂರಲ್ಲಿ ಚಳವಳಿ ನಡೆಯಿತು. ನೆರೆಯವರೇ ನೆರೆಯವರ ಮೇಲೆ ದೂರು ಕೊಡುತ್ತಿದ್ದರು. ಒಳಗೆ ಹೋದವರು ಹೊರಗೆ ಬರುವುದು ತೀರಾ ಅಪರೂಪ. ಮನೆಯವರಿಗೆ ತೊಂದರೆ ಆಗಬಾರದು ಅಂತ ಎಷ್ಟೋ ಜನ ಒಳಗೆ ಹೋಗುವಾಗಲೇ ಹೆಸರು ಬದಲಿಸಿಕೊಳ್ಳುತ್ತಿದ್ದರು. ಸತ್ತ ಮೇಲೂ ಬೂದಿ ಒಯ್ಯಲು ಯಾರೂ ಬರುತ್ತಿರಲಿಲ್ಲ. ಒಕಾಯಾಮಾದಲ್ಲಿ ನಾಗಾಶಿಮಾ ಅನ್ನುವ ದ್ವೀಪವಿದೆ, ಅದರ ಮೇಲೆ ಇಂಥ ಎರಡು ಆಸ್ಪತ್ರೆಗಳಿವೆ. ದಡಕ್ಕೂ ದ್ವೀಪಕ್ಕೂ ನಡುವೆ ತೀರಾ ಕಿರಿದಾದ ಕಡೆ ಇರುವ ನೀರು ಸುಮಾರು 30 ಮೀಟರ್. ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳುತ್ತದೆ. ಅಷ್ಟು ನೀರಿಗೆ ಸೇತುವೆ ಕಟ್ಟಲು 1988ರವರೆಗೆ ಕಾಯಬೇಕಾಯಿತು.

ಕಥೆಯಲ್ಲಿ ಮಗ ಹೆಸರು ಬದಲಿಸಿದ್ದನ್ನು ನಾವು ಮೋಸ ಅನ್ನುತ್ತೇವೆ. ಅದೇ ಹೊತ್ತಿಗೆ ಅವನ ತಂದೆಯಂಥ ಸಾವಿರಾರು ಜನ ನಿಜ ಜೀವನದಲ್ಲಿ ಹೆಸರು ಬದಲಿಸಿಕೊಂಡೇ ಕೂತಿದ್ದರು. ಅವರನ್ನು ಕೇಳುವವರಿರಲಿಲ್ಲ.

ಈಗ ಒಂದು ಕಷ್ಟದ ಮಾತು. ಇದನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಮಾತ್ರ ಎಷ್ಟು ಸಲ ಓದಿದರೂ ಅದರ ಮೇಲೆಯೇ ಮನಸ್ಸು ನಿಲ್ಲುತ್ತದೆ. ತಂದೆ ಮಗನನ್ನು ಬೇರೆ ಮಾಡಿದವನು ಯಾರು? ಮಿಕಿ. ಒಳ್ಳೆಯ ಮನಸ್ಸಿನಿಂದ, ಕಾನೂನಿನ ಪ್ರಕಾರ, ಇಬ್ಬರಿಗೂ ಒಳ್ಳೆಯದಾಗಲಿ ಅಂತ ಮಾಡಿದ. ತಂದೆಗೆ ಔಷಧ, ಮಗನಿಗೆ ಮನೆ, ಶಾಲೆ. ಆ ಕಾಲದಲ್ಲಿ ಒಬ್ಬ ಪೊಲೀಸಿನವನಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಆದರೆ ಆ ಹುಡುಗನ ಕಣ್ಣಲ್ಲಿ ನೋಡಿ. ಅವನಿಗೆ ಲೋಕದಲ್ಲಿ ಇದ್ದದ್ದು ಒಬ್ಬ ಅಪ್ಪ. ಆ ಅಪ್ಪನನ್ನು ರೈಲು ಹತ್ತಿಸಿದ್ದು ಈ ಸಮವಸ್ತ್ರದ ಮನುಷ್ಯ.

ಮಿಕಿಯನ್ನು ತಪ್ಪಿತಸ್ಥ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಅವನ ಕೈಯಿಂದ ನಡೆದದ್ದು ತಪ್ಪು ಕಾನೂನು. 2001ರ ಮೇ 11ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಈ ಬಗ್ಗೆ ತೀರ್ಪು ಕೊಟ್ಟಿತು. ರೋಗಿಗಳನ್ನು ಹೀಗೆ ಬೇರೆ ಇಡುವ ಅಗತ್ಯ ತಡವೆಂದರೆ 1960ರ ಹೊತ್ತಿಗೇ ಇರಲಿಲ್ಲ, ಸರ್ಕಾರ ಅದನ್ನು ಮುಂದುವರಿಸಿದ್ದು ಕಾನೂನುಬಾಹಿರ ಅಂತ ಹೇಳಿತು. 1960! ಯೊಮಿಯುರಿಯಲ್ಲಿ ಈ ಧಾರಾವಾಹಿ ಶುರುವಾದ ವರ್ಷ. ಔಷಧ ಆಗಲೇ ಇತ್ತು. ಯುದ್ಧ ಮುಗಿದ ಮೇಲೆ ಪ್ರೊಮಿನ್ ಅನ್ನುವ ಚುಚ್ಚುಮದ್ದು ಜಪಾನಿಗೂ ಬಂದು ರೋಗ ವಾಸಿಯಾಗತೊಡಗಿತ್ತು. ಆದರೂ 1953ರಲ್ಲಿ ಹಳೆಯ ಕಾನೂನನ್ನೇ ಹೊಸ ಹೆಸರಲ್ಲಿ ಮುಂದುವರಿಸಿದರು. ಅದನ್ನು ಪೂರ್ತಿ ತೆಗೆದುಹಾಕಿದ್ದು 1996ರಲ್ಲಿ. 2001ರ ತೀರ್ಪಿನ ಮೇಲೆ ಸರ್ಕಾರ ಮೇಲ್ಮನವಿ ಹಾಕಲಿಲ್ಲ, ಕ್ಷಮೆ ಕೇಳಿತು. 2019ರಲ್ಲಿ ಅದೇ ನ್ಯಾಯಾಲಯ ರೋಗಿಗಳ ಮನೆಯವರಿಗೂ ಪರಿಹಾರ ಕೊಡಬೇಕು ಅಂತ ಹೇಳಿತು. ಅಂದರೆ ಕಥೆಯ ಹಿದೆಯೊನಂಥ ಮಕ್ಕಳಿಗೂ ಅನ್ಯಾಯವಾಗಿದೆ ಅಂತ ಕಾನೂನು ಒಪ್ಪಿಕೊಳ್ಳಲು ಕಾದಂಬರಿ ಬಂದು ಸುಮಾರು 60 ವರ್ಷ ಬೇಕಾಯಿತು.

ಇದು ದೂರದ ದೇಶದ ಮಾತು ಅಂತ ನಾವು ಬಿಡುವ ಹಾಗೂ ಇಲ್ಲ. ನಮ್ಮ ದೇಶದಲ್ಲೂ ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ವಿಚ್ಛೇದನ ಕೇಳಬಹುದಿತ್ತು. ಆ ಕಾರಣವನ್ನು ಕಾನೂನಿಂದ ತೆಗೆದದ್ದು 2019ರಲ್ಲೇ.

ಹಾಗಾಗಿ ‘ತಪ್ಪು ಯಾರದು’ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಕೊಲೆಯ ಅಪರಾಧ ಪೂರ್ತಿಯಾಗಿ ವಾಗಾನದು. ಅದರಲ್ಲಿ ಯಾರಿಗೂ ಪಾಲಿಲ್ಲ. ಆದರೆ ಆ ಕೊಲೆಗೆ ಮೊದಲೇ ಒಂದು ಪಾಪ ನಡೆದಿತ್ತು, ಅದರಲ್ಲಿ ಊರಿನ ಎಲ್ಲರಿಗೂ ಪಾಲಿತ್ತು. ಬಾಗಿಲು ಹಾಕಿಕೊಂಡವರು, ಕಲ್ಲು ಎಸೆದವರು, ದೂರು ಕೊಟ್ಟವರು, ದಾಖಲೆ ತೆಗೆಸಿ ನೋಡಿದವರು. ಇವರಲ್ಲಿ ಒಬ್ಬರ ಕೈಗೂ ಕೋಳ ಬೀಳುವುದಿಲ್ಲ. ಕಾನೂನಿನ ಬಲೆಗೆ ಸಿಗುವುದು ಕೊನೆಯವನು ಮಾತ್ರ.

ಇನ್ನು ಕಾದಂಬರಿಗೂ ಸಿನಿಮಾಗೂ ಇರುವ ಫರಕು. ನಿಮಗೆ ಓದುವಾಗ ಅಳು ಬರಲಿಲ್ಲ ಅಂದಿರಿ. ಬರಬೇಕಾದದ್ದೂ ಇಲ್ಲ. ಕಾದಂಬರಿಯ ವಾಗಾ ತಣ್ಣಗಿನ ಮನುಷ್ಯ. ಅವನ ಸಂಗೀತವೂ ಹಾಗೇ, ಯಂತ್ರಗಳಿಂದ ಹುಟ್ಟಿಸುವ ವಿಚಿತ್ರ ಸದ್ದುಗಳು. ಗುಟ್ಟು ಕಾಪಾಡಿಕೊಳ್ಳಲು ಅವನು ಮತ್ತೆ ಮತ್ತೆ ಕೊಲ್ಲುತ್ತಾನೆ. ಅಲ್ಲಿ ಅವನ ತಂದೆ ಎಷ್ಟೋ ಮೊದಲೇ ತೀರಿಕೊಂಡಿರುತ್ತಾನೆ. ಹಾಗಾಗಿ ಮಿಕಿ ಬಂದಾಗ ಭೇಟಿ ಮಾಡಿಸಲು ಯಾರೂ ಉಳಿದಿಲ್ಲ. ಬಾಯಿ ಬಿಟ್ಟಾನೆಂಬ ಭಯ ಒಂದೇ ಕಾರಣ.

ಕಾದಂಬರಿಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಮನುಷ್ಯರನ್ನು ಕೊಲ್ಲುವ ಉಪಾಯ ಅಂಥದ್ದು. ಅಷ್ಟು ಮಣ್ಣಿನ ವಾಸನೆಯ ಕಥೆಯಲ್ಲಿ ಅದು ಬೇರೆ ಯಾವುದೋ ಪುಸ್ತಕದಿಂದ ಬಂದ ಹಾಗಿದೆ. ಕಾಕತಾಳೀಯಗಳೂ ಜಾಸ್ತಿ. ಆದರೆ ಅದೇ ಪುಸ್ತಕದಲ್ಲಿ ಒಂದು ಹುಡುಗಿ ರಾತ್ರಿ ರೈಲಿನ ಕಿಟಕಿಯಿಂದ ಬಿಳಿ ಚೂರುಗಳನ್ನು ತೂರುವ ಪ್ರಸಂಗವಿದೆ. ನೋಡಿದವನೊಬ್ಬ ಅದು ಕಾಗದ ಅಂದುಕೊಂಡು, ಎಷ್ಟು ಚೆಂದ ಅಂತ ಪತ್ರಿಕೆಗೆ ಲೇಖನ ಬರೆಯುತ್ತಾನೆ. ಇಮಾನಿಶಿ ಅದನ್ನು ಓದಿ, ಬಿಸಿಲಲ್ಲಿ ಹಳಿಯ ಪಕ್ಕ ಹುಲ್ಲಿನಲ್ಲಿ ಹುಡುಕುತ್ತಾ ನಡೆಯುತ್ತಾನೆ. ಸಿಕ್ಕಿದ್ದು ಬಟ್ಟೆಯ ಚೂರು. ರಕ್ತ ಮೆತ್ತಿದ ಅಂಗಿಯನ್ನು ಕತ್ತರಿಸಿ ಅವಳು ಹಾಗೆ ಎಸೆದಿದ್ದಳು. ಇಂಥ ಪುಟಗಳಿಗಾಗಿ ಆ ಅಲೆಗಳ ಉಪಾಯವನ್ನು ನಾನು ಸಹಿಸಿಕೊಳ್ಳುತ್ತೇನೆ.

ಸಿನಿಮಾ ಮಾಡಿದ ಯೊಶಿತಾರೊ ನೊಮುರಾ, ಚಿತ್ರಕಥೆ ಬರೆದ ಶಿನೊಬು ಹಶಿಮೊಟೊ ಮತ್ತು ಯೋಜಿ ಯಮಾದಾ ಆ ಯಂತ್ರದ ಕೊಲೆಗಳನ್ನೆಲ್ಲ ಕಿತ್ತುಹಾಕಿದರು. ವಾಗಾನನ್ನು ಪಿಯಾನೊ ಮತ್ತು ವಾದ್ಯವೃಂದಕ್ಕೆ ಸಂಗೀತ ಬರೆಯುವವನನ್ನಾಗಿ ಮಾಡಿದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ತಂದೆಯನ್ನು ಬದುಕಿಸಿದ್ದು. ಈಗ ಮಿಕಿ ಬರುವ ಕಾರಣವೇ ಬೇರೆಯಾಯಿತು. ಆಸ್ಪತ್ರೆಯಿಂದ ಚಿಯೊಕಿಚಿ ಅವನಿಗೆ ವರ್ಷಗಟ್ಟಲೆ ಪತ್ರ ಬರೆದಿದ್ದಾನೆ. ಎಲ್ಲ ಪತ್ರದಲ್ಲೂ ಒಂದೇ ಮಾತು, ಸಾಯುವ ಮೊದಲು ಮಗನನ್ನು ನೋಡಬೇಕು. ಮಿಕಿ ಬಂದು ‘ಒಂದು ಸಲ ಬಾ, ಅಪ್ಪನನ್ನು ನೋಡು’ ಅಂತ ಅಂಗಲಾಚುತ್ತಾನೆ. ಅಂದರೆ ಕೊಲೆಗಾರನ ಮುಂದೆ ಎರಡು ದಾರಿ ಇತ್ತು, ಅಪ್ಪನನ್ನು ನೋಡುವುದು ಅಥವಾ ಹೇಳಲು ಬಂದವನನ್ನು ಮುಗಿಸುವುದು. ಇದರಿಂದ ಕೊಲೆ ಇನ್ನೂ ಕೆಟ್ಟದ್ದಾಯಿತು, ಕೊಲೆಗಾರ ನಮಗೆ ಇನ್ನೂ ಹತ್ತಿರವಾದ. ನಿಮ್ಮ ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಅನಿಸಿದ್ದಕ್ಕೆ ಕಾರಣ ಇದೇ ಅನ್ನುವುದು ನನ್ನ ಊಹೆ.

ಕೊನೆಯ ಸುಮಾರು 40 ನಿಮಿಷವನ್ನು ನೆನಪು ಮಾಡಿಕೊಳ್ಳಿ. ಒಂದು ಕಡೆ ಪೊಲೀಸರ ಸಭೆಯಲ್ಲಿ ಇಮಾನಿಶಿ ಕೇಸನ್ನು ವಿವರಿಸುತ್ತಿದ್ದಾನೆ. ಇನ್ನೊಂದು ಕಡೆ ವಾಗಾ ತುಂಬಿದ ಸಭಾಂಗಣದಲ್ಲಿ ‘ಶುಕುಮೇ’ ನುಡಿಸುತ್ತಿದ್ದಾನೆ. ಆ ಹೆಸರಿಗೆ ನಮ್ಮ ‘ಹಣೆಬರಹ’ ಹತ್ತಿರದ ಮಾತು. ಇವೆರಡರ ನಡುವೆ ತಂದೆ ಮಗ ನಡೆಯುತ್ತಾ ಹೋಗುತ್ತಾರೆ. ಹಿಮ, ಸಮುದ್ರ, ಹೂವು ಬಿಟ್ಟ ಮರಗಳು. ಮಾತು ಇಲ್ಲವೇ ಇಲ್ಲ ಅನ್ನಬೇಕು. ಹುಡುಗ ಬೇಡಿ ತಂದದ್ದನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಾರೆ. ಪತ್ತೇದಾರಿ ಚಿತ್ರವೊಂದು ತನಿಖೆಯನ್ನು ಬದಿಗಿಟ್ಟು ಇಷ್ಟು ಹೊತ್ತು ಇಬ್ಬರು ನಡೆಯುವುದನ್ನು ತೋರಿಸಿದ್ದು ದೊಡ್ಡ ಧೈರ್ಯ. ಆ ಸಂಗೀತವನ್ನು ಬರೆದವರು ಮಿತ್ಸುಆಕಿ ಕನ್ನೊ, ಮೇಲ್ವಿಚಾರಣೆ ಯಸುಶಿ ಅಕುತಗಾವಾ ಅವರದು.

ಒಂದು ಮಾತು ಮರೆಯಬಾರದು. ಈ ಚಿತ್ರ ಮಾಡುವಾಗ ರೋಗಿಗಳ ಸಂಘಟನೆಯವರು ವಿರೋಧ ಹೇಳಿದ್ದರು. ರೋಗ ಎಂದೋ ವಾಸಿಯಾಗುವಂಥದ್ದಾಗಿದೆ, ಇಂಥ ದೃಶ್ಯಗಳಿಂದ ಹಳೆಯ ಭಯವೇ ಮತ್ತೆ ಏಳುತ್ತದೆ ಅನ್ನುವುದು ಅವರ ಆತಂಕ. ಅದು ನ್ಯಾಯವಾದದ್ದೇ. ನಮ್ಮನ್ನು ಅಳಿಸಲು ಅವರ ನೋವನ್ನು ಬಳಸಿದ್ದಾರೆ ಅಲ್ವಾ? ರೋಗ ಈಗ ವಾಸಿಯಾಗುತ್ತದೆ ಅನ್ನುವ ಬರಹ ಚಿತ್ರದ ಕೊನೆಯಲ್ಲಿ ಬರುವುದು ಅದಕ್ಕೇ. 2004ರಲ್ಲಿ ಟಿವಿ ಧಾರಾವಾಹಿ ಮಾಡಿದವರು ರೋಗದ ವಿಷಯವನ್ನೇ ತೆಗೆದು, ತಂದೆ ಅಪರಾಧ ಮಾಡಿ ಓಡಿಹೋದವನು ಅಂತ ಬದಲಿಸಿದರು. ನನಗೆ ಅದು ಹಿಡಿಸಲಿಲ್ಲ. ಏನೂ ತಪ್ಪು ಮಾಡದ ತಂದೆ ತಲೆ ತಗ್ಗಿಸಿ ನಡೆಯಬೇಕಾಯಿತು ಅನ್ನುವುದೇ ಈ ಕಥೆಯ ಜೀವ. ತಂದೆಗೂ ತಪ್ಪು ಹೊರಿಸಿದರೆ ನೋಡುವವರಿಗೆ ಸಮಾಧಾನವಾಗಿಬಿಡುತ್ತದೆ.

ಜಪಾನಿನ ಪತ್ತೇದಾರಿ ಕಥೆಗಳೆಲ್ಲ ಹೀಗೇನಾ? ಇಲ್ಲ. ಮತ್ಸುಮೊಟೊಗೆ ಮೊದಲು ಅಲ್ಲಿ ಒಗಟಿನ ಕಥೆಗಳದ್ದೇ ಕಾರುಬಾರು. ಬೀಗ ಹಾಕಿದ ಕೋಣೆ, ಜಾಣ ಪತ್ತೇದಾರ, ಯಾರು ಮಾಡಿದ್ದು, ಹೇಗೆ ಮಾಡಿದ್ದು. ‘ಯಾಕೆ’ ಅನ್ನುವ ಪ್ರಶ್ನೆಯನ್ನು ನಡುಮನೆಗೆ ತಂದವರು ಇವರು. 1909ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು. ಓದು ಬೇಗ ನಿಂತಿತು. ಆಫೀಸಿನಲ್ಲಿ ಚಿಲ್ಲರೆ ಕೆಲಸ, ಛಾಪಖಾನೆ ಕೆಲಸ, ಆಮೇಲೆ ಪತ್ರಿಕೆಯ ಜಾಹೀರಾತು ವಿಭಾಗ. ಜಪಾನಿನ ದೊಡ್ಡ ಸಾಹಿತ್ಯ ಗೌರವವಾದ ಅಕುತಗಾವಾ ಪ್ರಶಸ್ತಿ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಸಮಾಜದ ಮೆಟ್ಟಿಲಲ್ಲಿ ಕೆಳಗೆ ನಿಂತು ಮೇಲೆ ನೋಡಿದವರು. ಮೇಲೆ ಹತ್ತಿದವನಿಗೆ ಕೆಳಗೆ ಬೀಳುವ ಭಯ ಎಂಥದ್ದು ಅನ್ನುವುದು ಅವರಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ.

ನಿಮಗೆ ಈ ಪ್ರಶ್ನೆ ಇನ್ನೂ ಕಾಡುತ್ತಿದ್ದರೆ ಇನ್ನೆರಡು ಕಥೆ ಹೇಳುತ್ತೇನೆ. ಮತ್ಸುಮೊಟೊ ಅವರದ್ದೇ ‘ಜೀರೊ ನೊ ಶೋತೆನ್’ ಒಂದು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಕಾಣೆಯಾಗುತ್ತಾನೆ, ಹೆಂಡತಿ ಹುಡುಕಿಕೊಂಡು ಕನಾಜಾವಾದ ಚಳಿಗೆ ಹೋಗುತ್ತಾಳೆ. ಅಲ್ಲೂ ಯುದ್ಧದ ನಂತರದ ದಿನಗಳ ಒಂದು ಗುಟ್ಟಿದೆ. ಇನ್ನೊಂದು ತ್ಸುತೊಮು ಮಿಜುಕಾಮಿ ಬರೆದ ‘ಕಿಗಾ ಕೈಕ್ಯೊ’. 1965ರಲ್ಲಿ ಅದು ತೊಮು ಉಚಿದಾ ನಿರ್ದೇಶನದಲ್ಲಿ ಸಿನಿಮಾ ಆಯಿತು. ಬಡತನದಲ್ಲಿ ಮೈಮಾರಿಕೊಂಡು ಬದುಕುತ್ತಿದ್ದ ಹೆಣ್ಣಿಗೆ ಓಡಿಹೋಗುತ್ತಿದ್ದ ಒಬ್ಬ ದೊಡ್ಡ ಮೊತ್ತದ ದುಡ್ಡು ಕೊಟ್ಟು ಹೋಗಿರುತ್ತಾನೆ. ಆ ರಾತ್ರಿ ಕತ್ತರಿಸಿದ ಅವನ ಉಗುರನ್ನು ಅವಳು ಕಾಗದದಲ್ಲಿ ಸುತ್ತಿ ಹತ್ತು ವರ್ಷ ಇಟ್ಟುಕೊಳ್ಳುತ್ತಾಳೆ. ಒಂದು ದಿನ ಪತ್ರಿಕೆಯಲ್ಲಿ ಅವನ ಫೋಟೊ ಬರುತ್ತದೆ, ದಾನಿ ಅಂತ. ಕೃತಜ್ಞತೆ ಹೇಳಲು ಓಡಿಹೋಗುತ್ತಾಳೆ. ಅವನು ಅವಳನ್ನು ಕೊಲ್ಲುತ್ತಾನೆ.

ಮೂರೂ ನಾಲ್ಕೈದು ವರ್ಷದೊಳಗೆ ಬಂದ ಕಥೆಗಳು. ಮೂರರಲ್ಲೂ ಹಳೆಯ ದಿನಗಳಿಂದ ಯಾರೋ ಬರುತ್ತಾರೆ, ಕೇಡು ಬಯಸದೆ ಬರುತ್ತಾರೆ, ಅದಕ್ಕೇ ಸಾಯುತ್ತಾರೆ. ಯುದ್ಧದಲ್ಲಿ ಸೋತು, ಹಸಿವಿನಿಂದ ಎದ್ದು, ಬೇಗಬೇಗ ಮೇಲೆ ಬರುತ್ತಿದ್ದ ದೇಶ ಅದು. ಹಳೆಯದನ್ನು ನೆನಪಿಸುವವರು ಬಾಗಿಲಿಗೆ ಬಂದರೆ ಏನು ಮಾಡುತ್ತೀರಿ ಅಂತ ಈ ಲೇಖಕರು ತಮ್ಮ ಓದುಗರನ್ನೇ ಕೇಳುತ್ತಿದ್ದರು. ಕೊಲೆಗಾರನ ಜಾಗದಲ್ಲಿ ಓದುಗ ತನ್ನನ್ನು ಒಂದು ಕ್ಷಣ ಇಟ್ಟು ನೋಡಲಿ ಅನ್ನುವುದು ಅವರ ಉದ್ದೇಶ. ಅದನ್ನು ಕ್ಷಮೆ ಅಂತ ನಾನು ಕರೆಯುವುದಿಲ್ಲ.

ಇಮಾನಿಶಿಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಂಸಾರಸ್ಥ, ನಡುವಯಸ್ಸಿನವನು, ರಜೆ ಹಾಕಿ ತನ್ನ ಜೇಬಿನ ದುಡ್ಡಲ್ಲಿ ಸುಳಿವು ಹುಡುಕಲು ಹೋಗುವವನು. ಬಿಡುವಾದಾಗ ಹೈಕು ಬರೆಯುತ್ತಾನೆ. ಕಾದಂಬರಿಯ ಕೊನೆಯಲ್ಲಿ ವಾಗಾ ವಿಮಾನ ಹತ್ತಿ ವಿದೇಶಕ್ಕೆ ಹೊರಡುವ ಹೊತ್ತಿಗೆ ಅವನನ್ನು ಹಿಡಿಯುತ್ತಾರೆ. ಅಷ್ಟು ದಿನ ಚಪ್ಪಲಿ ಸವೆಸಿದ ಇಮಾನಿಶಿ ಆ ಗಳಿಗೆಯಲ್ಲಿ ಹಿಂದೆ ಸರಿದು, ಜೊತೆಗಿದ್ದ ಯುವಕ ಯೊಶಿಮುರಾನಿಗೆ ಬಂಧಿಸಲು ಹೇಳುತ್ತಾನೆ. ಕಿರಿಯನಿಗೆ ಹೆಸರು ಬರಲಿ ಅಂತ ಇರಬಹುದು. ಆ ಕೈ ಹಿಡಿಯಲು ಅವನಿಗೆ ಮನಸ್ಸು ಬರಲಿಲ್ಲ ಅಂತಲೂ ನನಗೆ ಅನಿಸಿದೆ.

ಇನ್ನೊಂದು ಸಲ ಅಮ್ಮನ ಜೊತೆ ಕೂತು ನೋಡುವುದಾದರೆ, ಎರಡು ದೃಶ್ಯಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದು, ರೈಲ್ವೆ ಸ್ಟೇಷನ್ನಿನಲ್ಲಿ ತಂದೆಯನ್ನು ಕಳಿಸುವಾಗ ಹುಡುಗ ಓಡಿಬಂದು ಅಪ್ಪಿಕೊಳ್ಳುವುದು. ಅಲ್ಲಿ ಹುಡುಗನನ್ನು ಬಿಟ್ಟು ಒಂದು ಸಲ ಮಿಕಿಯನ್ನು ನೋಡಿ. ಇನ್ನೊಂದು, ಇಮಾನಿಶಿ ಆಸ್ಪತ್ರೆಗೆ ಹೋಗಿ ಮುದುಕನಾದ ಚಿಯೊಕಿಚಿಯ ಕೈಗೆ ವಾಗಾನ ಫೋಟೊ ಕೊಡುವುದು. ಎಷ್ಟೋ ವರ್ಷ ಒಂದೇ ಮುಖಕ್ಕಾಗಿ ಕಾದ ಮುದುಕ ಅದನ್ನು ನೋಡುತ್ತಾನೆ, ಮೈಯೆಲ್ಲ ನಡುಗಿ ಅಳುತ್ತಾನೆ. ಪೊಲೀಸ್ ಯಾಕೆ ಬಂದಿದ್ದಾನೆ ಅಂತ ಅವನಿಗೆ ಯಾರೂ ಹೇಳಿಲ್ಲ. ಆದರೂ ಇಂಥವನು ನನಗೆ ಗೊತ್ತೇ ಇಲ್ಲ ಅಂತ ಕೂಗುತ್ತಾನೆ.